ಅಚ್ಚಾದ ಪಾಡ್ದನ, ಹಾಡುವ ಪಾಡ್ದನ

ತುಳುನಾಡಿನ ಭೂತಾರಾಧನೆ ಬಗ್ಗೆ ಸಂಶೋಧನೆ ಮಾಡುವ ವಿದ್ಯಾರ್ಥಿಗಳು ಮೊದಲು ಹುಡುಕುವುದು ಎ.ಸಿ. ಬರ್ನೆಲ್ ಅವರ ಪಾಡ್ದನ ಸಂಗ್ರಹವನ್ನು. ಪಾಡ್ದನ ಅಂದರೆ ದೈವಗಳ ಕಥೆ ಹೇಳುವ ತುಳು ಹಾಡು. ಹುಡುಕಬೇಕಾದ್ದೇ. ಬರ್ನೆಲ್ ಮದ್ರಾಸ್ ಸಿವಿಲ್ ಸರ್ವಿಸ್‌ನಲ್ಲಿದ್ದವರು. 1882ರಲ್ಲಿ ತೀರಿಕೊಂಡರು. ಅವರ ಕಾಗದಪತ್ರಗಳನ್ನು ಆರ್.ಸಿ. ಟೆಂಪಲ್ 1894ರಿಂದ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಕಂತುಕಂತಾಗಿ ಪ್ರಕಟಿಸಿದರು. ಅವಳಿ ವೀರರಾದ ಕೋಟಿ ಚೆನ್ನಯರ ಪಾಡ್ದನವೂ ಅದರಲ್ಲಿದೆ. ಅದಕ್ಕೂ ಮೊದಲೇ, 1886ರಲ್ಲಿ, ಬಾಸೆಲ್ ಮಿಷನ್ನಿನ ಮ್ಯಾನರ್ ಮಂಗಳೂರಿನಲ್ಲಿ ಪಾಡ್ದನಗಳ ಪುಸ್ತಕ ಅಚ್ಚು ಹಾಕಿಸಿದ್ದರು.

ತೊಡಕು ಬರುವುದು ಆಮೇಲೆ. ಅಚ್ಚಿನಲ್ಲಿರುವುದೇ ಮೂಲ, ಈಗ ಹಾಡುವವರದ್ದು ಕೆಟ್ಟುಹೋದ ರೂಪ ಅಂತ ಎಷ್ಟೋ ಜನ ತೀರ್ಮಾನಿಸಿಬಿಡುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ.

ನೇಜಿ (ಭತ್ತದ ಸಸಿ) ನೆಡುವ ಗದ್ದೆಯಲ್ಲಿ ಪಾಡ್ದನ ಹೇಗಿರುತ್ತದೆ ನೋಡಿ. ಒಬ್ಬಾಕೆ ಸಾಲು ಎತ್ತಿಕೊಡುತ್ತಾರೆ, ಬಗ್ಗಿ ನೆಡುತ್ತಲೇ ಉಳಿದವರು ದನಿಗೂಡಿಸುತ್ತಾರೆ. ನಡುನಡುವೆ ‘ಡೆನ್ನ ಡೆನ್ನಾನ’. ಗದ್ದೆ ದೊಡ್ಡದಿದ್ದರೆ ಕಥೆಯೂ ಬೆಳೆಯುತ್ತದೆ. ಅದೇ ಕಥೆ ನೇಮಕ್ಕೆ, ಅಂದರೆ ದೈವದ ಉತ್ಸವಕ್ಕೆ, ಬಂದಾಗ ಜೊತೆಗೆ ತೆಂಬರೆ ಎಂಬ ಚರ್ಮವಾದ್ಯ ಇರುತ್ತದೆ, ದೈವದ ವೇಷ ಕಟ್ಟುವವರು ಬಣ್ಣ ಹಚ್ಚಿಕೊಳ್ಳುವ ಹೊತ್ತು ಇರುತ್ತದೆ. ದೈವ ತಾನೇ ‘ನಾನು ಇಲ್ಲಿ ಹುಟ್ಟಿದೆ, ಇಲ್ಲಿಗೆ ಬಂದೆ’ ಎಂದು ನುಡಿಯುವ ಘಟ್ಟವೂ ಬರುತ್ತದೆ. ಇವೆರಡರಲ್ಲಿ ಯಾವುದು ಮೂಲ?

ಬರ್ನೆಲ್, ಮ್ಯಾನರ್ ಕಾಲದಲ್ಲಿ ಹಾಡನ್ನು ಧ್ವನಿಮುದ್ರಿಸಿಕೊಳ್ಳುವ ರೂಢಿ ಇರಲಿಲ್ಲ. ಬರೆಯುವ ಕೈಯ ವೇಗಕ್ಕೆ ತಕ್ಕಂತೆ ನಿಲ್ಲಿಸಿ ನಿಲ್ಲಿಸಿ ಹೇಳಬೇಕು. ಹಾಗೆ ಹೇಳುವಾಗ ಪಲ್ಲವಿ ಬಿಟ್ಟುಹೋಗುತ್ತದೆ, ಪುನರಾವರ್ತನೆ ಕರಗುತ್ತದೆ, ಕಥೆ ಸಾರಾಂಶದ ಕಡೆ ವಾಲುತ್ತದೆ. 1990ರಲ್ಲಿ ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹಾಂಕೊ ಅವರ ತಂಡ ಹಾಡುಗಾರ ಗೋಪಾಲ ನಾಯ್ಕರ ಬಾಯಿಂದ ಸಿರಿ ಎಂಬಾಕೆಯ ಕಥೆಯ ಪಾಡ್ದನವನ್ನು ದಿನಗಟ್ಟಲೆ ಮುದ್ರಿಸಿಕೊಂಡಿತು. ಸಿಕ್ಕಿದ್ದು 15,683 ಸಾಲು! ಪುಟದ ಮೇಲೆ ಚಿಕ್ಕದಾಗಿ ಕಂಡ ಪಾಡ್ದನ ಬಾಯಲ್ಲೂ ಚಿಕ್ಕದಾಗಿತ್ತು ಅಂತ ಹೇಗೆ ಹೇಳುವುದು?

ಹಳೇ ಸಂಗ್ರಹಗಳಲ್ಲಿ ನನಗೆ ಜಾಸ್ತಿ ಬೆಲೆಯುಳ್ಳದ್ದಾಗಿ ಕಾಣುವುದು ದೈವದ ದಾರಿ. ಯಾವ ಗಟ್ಟ ಇಳಿಯಿತು, ಯಾವ ಗುತ್ತು, ಯಾವ ಬೀಡಿನಲ್ಲಿ (ಊರಿನ ದೊಡ್ಡ ಮನೆತನಗಳ ಮನೆಯಲ್ಲಿ) ನೆಲೆ ಕೇಳಿತು ಎಂಬ ವಿವರ. ಹಾಡುವವರು ಬದಲಾದಂತೆ ಈ ದಾರಿಯೂ ಬದಲಾಗುತ್ತದೆ. ತಮ್ಮೂರಿನ ಸಾನ, ಅಂದರೆ ದೈವಸ್ಥಾನ, ಕಥೆಯೊಳಗೆ ಬರುತ್ತದೆ, ದೂರದ್ದು ಒಂದು ಸಾಲಿಗೆ ಇಳಿಯುತ್ತದೆ. ಅದು ಮರೆವಲ್ಲ. ಆ ಊರಿಗೆ ಆ ದೈವದ ಮೇಲಿರುವ ಹಕ್ಕಿನ ಮಾತು ಅದು.

ಹಾಗಾಗಿ ಬರ್ನೆಲ್ ಪಾಠ ಹಿಡಿದು ಹಳ್ಳಿಗೆ ಹೋಗುವವರು ಹಾಡುವವರನ್ನು ತಿದ್ದಲು ಹೋಗಬೇಡಿ. ಈ ಭಾಗವನ್ನು ನಿಮ್ಮಲ್ಲಿ ಯಾರು ಹಾಡುತ್ತಾರೆ, ಗದ್ದೆಯಲ್ಲೋ ನೇಮದಲ್ಲೋ ಎಂದು ಕೇಳಿ, ಅದನ್ನೇ ಸಾಲಿನ ಪಕ್ಕದಲ್ಲಿ ಬರೆದುಕೊಳ್ಳಿ.