ಉದ್ದ ಪಿರಿಯಡ್‌ಗೆ ಮಾಷ್ಟ್ರ ತಯಾರಿ ಎಲ್ಲಿ?

ಜುಲೈ ಬಂತೆಂದರೆ ಮಂಗಳೂರು, ಉಡುಪಿಯ ಹೈಸ್ಕೂಲುಗಳಲ್ಲಿ ಟೈಮ್ ಟೇಬಲ್ ಗೋಡೆಯ ಮೇಲಷ್ಟೇ ಉಳಿಯುತ್ತದೆ. ಜಿಲ್ಲಾಧಿಕಾರಿಗಳು ಮಳೆ ರಜೆ ಕೊಡುತ್ತಾರೆ. ಆಮೇಲೆ ಶನಿವಾರ ಮಧ್ಯಾಹ್ನವೂ ತರಗತಿ ನಡೆಸಿ ಪಾಠ ಮುಗಿಸಬೇಕು. ಆಗ ಒಂದೇ ವಿಷಯಕ್ಕೆ ಎರಡು ಪಿರಿಯಡ್ ಒಟ್ಟಿಗೆ ಸಿಗುವುದುಂಟು. 80 ನಿಮಿಷ! ಆದರೆ 40 ನಿಮಿಷ ಮಾತಾಡುತ್ತಿದ್ದವರು 80 ನಿಮಿಷ ಮಾತಾಡುತ್ತಾರೆ, ಅಷ್ಟೇ. ತಪ್ಪು ಅವರದಲ್ಲ. ಬೇರೆ ದಾರಿಯನ್ನು ಯಾರೂ ತೋರಿಸಿಲ್ಲ.

ಗಂಟೆ ಲೆಕ್ಕದ ಈ ಪಾಠ ಅಮೆರಿಕದಲ್ಲಿ ಗಟ್ಟಿಯಾಗಿದ್ದು ಪಿಂಚಣಿಯಿಂದ. 1905ರಲ್ಲಿ ಶುರುವಾದ ಕಾರ್ನೆಗಿ ಫೌಂಡೇಶನ್ ಕಾಲೇಜು ಪ್ರಾಧ್ಯಾಪಕರಿಗೆ ಪಿಂಚಣಿ ಕೊಡಲು ಹೊರಟಿತು. ಆ ಪಿಂಚಣಿ ಬೇಕೆಂದರೆ ಕಾಲೇಜುಗಳು ಹೈಸ್ಕೂಲು ಮುಗಿಸಿ ಬರುವ ವಿದ್ಯಾರ್ಥಿಗಳ ಸೇರ್ಪಡೆಯ ನಿಯಮ ಬಿಗಿ ಮಾಡಬೇಕಿತ್ತು. ಹೈಸ್ಕೂಲಿನಲ್ಲಿ ಒಂದು ವಿಷಯಕ್ಕೆ ವರ್ಷಕ್ಕೆ 120 ಗಂಟೆ ಎಂಬ ಅಳತೆ ಹಾಗೆ ನೆಲೆಯೂರಿತು. ಮಕ್ಕಳು ಹೇಗೆ ಕಲಿಯುತ್ತಾರೆ ಎಂಬುದು ಆ ಲೆಕ್ಕದಲ್ಲಿ ಇರಲೇ ಇಲ್ಲ.

1960ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡ್ವೈಟ್ ಆಲನ್ ಎರಡು ಕೆಲಸಗಳಲ್ಲಿ ತೊಡಗಿದ್ದರು. ಒಂದು ಸೂಕ್ಷ್ಮ ಬೋಧನೆ, ಅಂದರೆ ಕೆಲವೇ ಮಕ್ಕಳ ಮುಂದೆ ಐದು-ಹತ್ತು ನಿಮಿಷ ಪಾಠ ಮಾಡಿ ತಪ್ಪು ತಿದ್ದಿಕೊಳ್ಳುವುದು. ಇನ್ನೊಂದು, ಪಾಠಕ್ಕೆ ತಕ್ಕಂತೆ ಹಿಗ್ಗುವ, ಕುಗ್ಗುವ ವೇಳಾಪಟ್ಟಿ. 1964ರಲ್ಲಿ ರಾಬರ್ಟ್ ಬುಷ್ ಜೊತೆ ಅದರ ಬಗ್ಗೆ ಪುಸ್ತಕವನ್ನೇ ಬರೆದರು. ಸೂಕ್ಷ್ಮ ಬೋಧನೆ ನಮ್ಮ ಬಿ.ಎಡ್. ಕಾಲೇಜುಗಳ ತನಕ ಬಂತು. ವೇಳಾಪಟ್ಟಿ ಬರಲಿಲ್ಲ. ನನಗೆ ಈ ಇತಿಹಾಸದಲ್ಲಿ ತುಂಬ ಬೇಸರ ತರುವ ಸಂಗತಿ ಇದೇ.

1990ರ ದಶಕದಲ್ಲಿ ಅಮೆರಿಕದ ಸಾವಿರಾರು ಹೈಸ್ಕೂಲುಗಳು ದಿನಕ್ಕೆ 90 ನಿಮಿಷದ ನಾಲ್ಕೇ ತರಗತಿಗೆ ಬದಲಾದವು. ಗಲಾಟೆ ಕಡಿಮೆಯಾಯಿತು ಎಂದು ಹಲವು ಶಾಲೆಗಳು ಹೇಳಿದವು. ಅಂಕಗಳ ವಿಷಯದಲ್ಲಿ ಮಾತ್ರ ಒಂದು ಕಡೆ ಏರಿಕೆ, ಇನ್ನೊಂದು ಕಡೆ ಇಳಿಕೆ. ಈ ಪದ್ಧತಿಯನ್ನು ಬೆಳೆಸಿದ ಲಿನ್ ಕೆನಡಿ ಮತ್ತು ಮೈಕಲ್ ರೆಟಿಗ್ ಉದ್ದ ಪಿರಿಯಡನ್ನು ಮೂರು ಭಾಗ ಮಾಡಿ ಎಂದರು: ವಿವರಿಸು, ಮಾಡಿಸು, ಕೊನೆಗೆ ಕಲಿತದ್ದನ್ನು ಜೋಡಿಸು. ಇದಕ್ಕೆ ತರಬೇತಿ ಬೇಕು, ಅಲ್ವಾ?

ಈಗ ಪ್ರಶ್ನೆ ನಮ್ಮ ಬಾಗಿಲಿಗೇ ಬಂದಿದೆ. 2023ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಒಂಬತ್ತನೇ ತರಗತಿಯಿಂದ 50 ನಿಮಿಷದ ಪಿರಿಯಡ್, ಬೇಕಾದಲ್ಲಿ 100 ನಿಮಿಷದ ಜೋಡಿ ಪಿರಿಯಡ್ ಸೂಚಿಸಿದೆ. 2020ರ ಶಿಕ್ಷಣ ನೀತಿ ಶಿಕ್ಷಕರಿಗೆ ವರ್ಷಕ್ಕೆ 50 ಗಂಟೆ ತರಬೇತಿ ಎನ್ನುತ್ತದೆ. ಅದರಲ್ಲಿ ನಾಲ್ಕು ಗಂಟೆ ಉದ್ದ ಪಿರಿಯಡ್ ನಡೆಸುವುದನ್ನು ಕಲಿಯಲಿಕ್ಕೇ ಸಿಗಲಿ.

ಅಂಥ ಪಿರಿಯಡ್‌ಗೆ ಉದಾಹರಣೆಯಾಗಿ ನಮ್ಮೂರಿನದೇ ಪಾಠ ಸಾಕು. ಒಂದು ಬಾಟಲಿಯಲ್ಲಿ ಮನೆ ಬಾವಿಯ ನೀರು, ಇನ್ನೊಂದರಲ್ಲಿ ನೇತ್ರಾವತಿ ಅಳಿವೆಯ ಉಪ್ಪು ನೀರು. ಬ್ಯಾಟರಿ, ಎಲ್‌ಇಡಿ, ಎರಡು ತಂತಿ. ಯಾವುದರಲ್ಲಿ ಬೆಳಕು ಜಾಸ್ತಿ, ಯಾಕೆ? ಮೊದಲು ಊಹಿಸಲಿ, ಆಮೇಲೆ ಮಾಡಿ ನೋಡಲಿ, ಜಗಳವಾಡಲಿ, ಬರೆಯಲಿ. 40 ನಿಮಿಷದಲ್ಲಿ ತಂತಿ ಜೋಡಿಸುವಷ್ಟರಲ್ಲೇ ಬೆಲ್ ಆಗುತ್ತದೆ.

ಬಿ.ಎಡ್. ವಿದ್ಯಾರ್ಥಿಗಳ ಅಭ್ಯಾಸ ಪಾಠಗಳಲ್ಲಿ ಒಂದಾದರೂ ಜೋಡಿ ಪಿರಿಯಡ್ ಇರಲಿ. ಹಿಂದಿನ ಬೆಂಚಿನಲ್ಲಿ ಕೂತ ಮಾರ್ಗದರ್ಶಕರು ಐವತ್ತನೇ ನಿಮಿಷದಲ್ಲಿ ಮಕ್ಕಳು ಏನು ಮಾಡುತ್ತಿದ್ದಾರೆ ಎಂದು ಬರೆದುಕೊಳ್ಳಲಿ. ಮರುದಿನ ಅದನ್ನು ಆ ವಿದ್ಯಾರ್ಥಿಯ ಜೊತೆ ಕೂತು ಓದಲಿ.