ಮೂತ್ರಕೋಶ ನೋಡಿ ಮೈಯ ಅಂಚು ಹುಡುಕಬೇಡಿ

ಬೆಂಗಳೂರಲ್ಲಿ ಕೋಡ್ ಬರೆಯುವವರಿಗೆ ಬರವಿಲ್ಲ. ನಮ್ಮ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗಕ್ಕೆ ಪ್ರಾಜೆಕ್ಟ್ ಕೇಳಿಕೊಂಡು ಬರುವ ಇಂಜಿನಿಯರಿಂಗ್ ಮಕ್ಕಳು ಬಲು ಚುರುಕು. ಅವರು ಬಂದರೆ ನನಗೆ ಖುಷಿ. ಆದರೆ ಬೋನ್ ಸ್ಕ್ಯಾನಿನಲ್ಲಿ (ವಿಕಿರಣ ಸೂಸುವ ಔಷಧಿ ಚುಚ್ಚಿ ತೆಗೆಯುವ ಮೂಳೆಯ ಚಿತ್ರದಲ್ಲಿ) ಮೈಯ ಔಟ್‌ಲೈನ್ ಹುಡುಕಿ ಅಂದರೆ ಹೆಚ್ಚಿನವರು ಮಾಡುವುದು ಒಂದೇ ಕೆಲಸ. ಚಿತ್ರದಲ್ಲಿ ಅತಿ ಹೆಚ್ಚು ಕೌಂಟ್ (ಒಂದು ಪಿಕ್ಸೆಲ್‌ನಲ್ಲಿ ಕ್ಯಾಮೆರಾ ಎಣಿಸಿದ ಕಿರಣಗಳು) ಎಷ್ಟಿದೆ ನೋಡಿ, ಅದರ ಶೇ. 10ಕ್ಕಿಂತ ಕಡಿಮೆ ಇರುವುದನ್ನೆಲ್ಲ ಸೊನ್ನೆ ಮಾಡಿಬಿಡುತ್ತಾರೆ. ದಯವಿಟ್ಟು ಹೀಗೆ ಮಾಡಬೇಡಿ.

ಯಾಕೆ ಅಂತ ನಿಧಾನವಾಗಿ ಹೇಳುತ್ತೇನೆ. ಟೆಕ್ನೀಶಿಯಂ-99ಎಂ ಎಂಬ ವಿಕಿರಣ ಸೂಸುವ ಧಾತು ಸೇರಿಸಿದ ಔಷಧಿ ಚುಚ್ಚಿ, ಎರಡು-ಮೂರು ಗಂಟೆ ಬಿಟ್ಟು ಸ್ಕ್ಯಾನ್ ಮಾಡುತ್ತೇವೆ. ಅಷ್ಟರಲ್ಲಿ ಒಂದು ಪಾಲು ಮೂಳೆಗೆ ಹಿಡಿದಿರುತ್ತದೆ, ಉಳಿದದ್ದರಲ್ಲಿ ಬಹುಪಾಲು ಕಿಡ್ನಿ ದಾಟಿ ಮೂತ್ರಕ್ಕೆ ಇಳಿದಿರುತ್ತದೆ. "ಅಜ್ಜಿ, ಬಾತ್‌ರೂಮಿಗೆ ಹೋಗಿ ಬಂದು ಮಲಗಿ" ಅಂತ ಟೆಕ್ನಿಷಿಯನ್ ಎಷ್ಟು ಹೇಳಿದರೂ ಮೂತ್ರಕೋಶದಲ್ಲಿ ಸ್ವಲ್ಪ ಉಳಿದೇ ಇರುತ್ತದೆ. ಚಿತ್ರದಲ್ಲಿ ಸಾಮಾನ್ಯವಾಗಿ ಎಲ್ಲಕ್ಕಿಂತ ಜಾಸ್ತಿ ಕೌಂಟ್ ಇರುವುದು ಅಲ್ಲಿ, ಇಲ್ಲವೇ ಸೂಜಿ ಚುಚ್ಚಿದ ಜಾಗದಲ್ಲಿ.

ಈಗ ಒಂದು ಲೆಕ್ಕ ಹಾಕೋಣ. ಮೂತ್ರಕೋಶದ ಪಿಕ್ಸೆಲ್‌ನಲ್ಲಿ 1500 ಕೌಂಟ್ ಇದೆ ಅಂದುಕೊಳ್ಳಿ. ಸೊಂಟದ ಮೂಳೆಯಲ್ಲಿ 80. ತೊಡೆಯ ಅಂಚಿನಲ್ಲಿ 3. ಹೊರಗಿನ ಖಾಲಿ ಜಾಗದಲ್ಲಿ ಸರಾಸರಿ ಅರ್ಧ. 1500ರ ಶೇ. 10 ಅಂದರೆ 150. ಚರ್ಮ ಹಾಗಿರಲಿ, ಮೂಳೆಯೇ ಹೋಯಿತು. ಶೇ. 1ಕ್ಕೆ ಇಳಿಸಿದರೂ ಮಿತಿ 15. ಚರ್ಮ ಆಗಲೂ ಸಿಗಲಿಲ್ಲ. ಅದೇ ವ್ಯಕ್ತಿ ಎದ್ದು ಹೋಗಿ ಮೂತ್ರ ಮಾಡಿ ಬಂದರೆ 1500 ಇದ್ದದ್ದು 400 ಆಗಬಹುದು. ಆಗ ಅದೇ ಶೇ. 1ರ ಮಿತಿ 4. ಮೈ ಒಂದೇ, ಔಟ್‌ಲೈನ್ ಎರಡು! ಮೂತ್ರಕೋಶ ತುಂಬಿದೆಯೋ ಖಾಲಿಯಿದೆಯೋ ಅನ್ನುವುದಕ್ಕೂ ತೊಡೆ ಎಲ್ಲಿ ಮುಗಿಯುತ್ತದೆ ಅನ್ನುವುದಕ್ಕೂ ಏನು ಸಂಬಂಧ, ಹೇಳಿ?

ಮಿತಿಯನ್ನು ಮೇಲಿನಿಂದ ಇಳಿಸಬೇಡಿ, ಕೆಳಗಿನಿಂದ ಏರಿಸಿ. ಅಂದರೆ ಮೊದಲು ಮೈಯಿಂದ ದೂರದ ಮೂಲೆಯಲ್ಲಿ, ಏನೂ ಇಲ್ಲದ ಕಡೆ ಎಷ್ಟು ಕೌಂಟ್ ಇದೆ ನೋಡಿ. ಅದಕ್ಕಿಂತ ಖಚಿತವಾಗಿ ಜಾಸ್ತಿ ಇರುವುದೇ ಮೈ. "ಖಚಿತವಾಗಿ" ಅನ್ನುವುದರಲ್ಲೇ ಕಷ್ಟ ಇರುವುದು. ಈ ಕೌಂಟ್‌ಗಳ ಏರಿಳಿತ ಅವುಗಳ ವರ್ಗಮೂಲದಷ್ಟು. 3 ಇರಬೇಕಾದ ಕಡೆ ಒಮ್ಮೆ 1, ಒಮ್ಮೆ 5 ಬರುತ್ತದೆ. ಒಂದೊಂದೇ ಪಿಕ್ಸೆಲ್ ನೋಡಿದರೆ ಯಾರಿಗೂ ಹೇಳಲಾಗದು. ನಾಲ್ಕು ಅಡ್ಡ, ನಾಲ್ಕು ಉದ್ದ, ಹದಿನಾರು ಪಿಕ್ಸೆಲ್ ಕೂಡಿಸಿ. ಒಳಗೆ 48, ಹೊರಗೆ 8. ಏರಿಳಿತ ಸುಮಾರು 7 ಮತ್ತು 3. ಈಗ ಅನುಮಾನವೇ ಇಲ್ಲ. ಅಂಚು ತುಸು ಮಬ್ಬಾಗುತ್ತದೆ, ನಿಜ. ಈ ಕಿರಣ ಹಿಡಿಯುವ ಗಾಮಾ ಕ್ಯಾಮೆರಾದ ಚಿತ್ರ ಮೊದಲೇ ಮಬ್ಬು, ಅಲ್ವಾ?

ಇನ್ನೊಂದು ಮಾತು. ಪರದೆಯ ಸ್ಕ್ರೀನ್‌ಶಾಟ್ ತಂದು ಕೆಲಸ ಶುರು ಮಾಡಬೇಡಿ. ಅದರಲ್ಲಿ 3 ಕೂಡ ಕಪ್ಪು, 0 ಕೂಡ ಕಪ್ಪು. ಕೌಂಟ್‌ಗಳು ಹಾಗೇ ಉಳಿದಿರುವ ಡೈಕಾಮ್ (ಸ್ಕ್ಯಾನ್ ಚಿತ್ರಗಳ ಮೂಲ) ಫೈಲನ್ನೇ ಕೇಳಿ. ಆಗುವುದಾದರೆ ಸ್ಕ್ಯಾನಿಗೆ ಮೊದಲೇ ಹೇಳಿ, 140 ಕೆಇವಿಗಿಂತ (ಟೆಕ್ನೀಶಿಯಂ-99ಎಂ ಕಿರಣದ ಶಕ್ತಿ ಇಷ್ಟು) ಕೆಳಗಿನ ಕಿರಣಗಳನ್ನೂ ಬೇರೆ ಕಿಟಕಿಯಲ್ಲಿ, ಅಂದರೆ ಬೇರೆ ಶಕ್ತಿ-ವ್ಯಾಪ್ತಿಯಲ್ಲಿ, ಉಳಿಸಿಕೊಳ್ಳಿ. ಮೈಯೊಳಗೆ ಚೆದುರಿ ಶಕ್ತಿ ಕಳೆದುಕೊಂಡ ಈ ಕಿರಣಗಳು ರೋಗ ಹುಡುಕಲು ಬೇಡ. ಅಂಚು ಹುಡುಕಲು ಮಾತ್ರ ಬಹಳ ಉಪಯೋಗ, ಯಾಕೆಂದರೆ ಅವು ಮೈತುಂಬಾ ಹರಡಿರುತ್ತವೆ.

ಔಟ್‌ಲೈನ್ ಸುಮ್ನೆ ಚೆಂದಕ್ಕಲ್ಲ. 140 ಕೆಇವಿ ಕಿರಣ ಒಂದು ಸೆಂಟಿಮೀಟರ್ ಮಾಂಸ ದಾಟುವಷ್ಟರಲ್ಲಿ ಸುಮಾರು ಶೇ. 14 ಕಡಿಮೆಯಾಗುತ್ತದೆ. ಆ ನಷ್ಟ ತುಂಬಿಸುವ ಲೆಕ್ಕಕ್ಕೆ ಔಟ್‌ಲೈನ್ ಬಳಸುವುದಾದರೆ, ಅದು ಒಂದು ಸೆಂಟಿಮೀಟರ್ ಒಳಗೆ ಸರಿದರೆ ಲೆಕ್ಕವೂ ಹೆಚ್ಚುಕಡಿಮೆ ಅಷ್ಟೇ ತಪ್ಪುತ್ತದೆ. ಗೆರೆ ಹೊರಕ್ಕೂ ತಪ್ಪಬಹುದು. ಥೈರಾಯ್ಡ್ ಕ್ಯಾನ್ಸರ್‌ಗೆ ವಿಕಿರಣ ಸೂಸುವ ಅಯೋಡಿನ್ ಕೊಟ್ಟ ಒಬ್ಬರ ಸ್ಕ್ಯಾನಿನಲ್ಲಿ ಸೊಂಟದ ಪಕ್ಕ ದಪ್ಪ ಚುಕ್ಕೆಯೊಂದು ಬಂದಿತ್ತು. ವಿದ್ಯಾರ್ಥಿನಿಯೊಬ್ಬಳ ಪ್ರೋಗ್ರಾಂ ಅದನ್ನೂ ಮೈಗೆ ಸೇರಿಸಿ ಗೆರೆ ಎಳೆದಿತ್ತು. ಗೌನ್ ಬದಲಿಸಿ, ಆ ಜಾಗ ಒರೆಸಿ ಮತ್ತೆ ತೆಗೆದರೆ ಚುಕ್ಕೆ ಇಲ್ಲ. ಬಟ್ಟೆಗೆ ತಾಗಿದ ಮೂತ್ರದ ಹನಿ ಅದು. ರೋಗಿಯ ಮಗ ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದರು. ಇಂಥ ಚುಕ್ಕೆಯನ್ನು ಮೂಳೆಗೆ ಹರಡಿದ ಕ್ಯಾನ್ಸರ್ ಅಂದುಕೊಂಡರೆ ಆ ಮನೆಯ ಗತಿ ಏನು? ಅದಕ್ಕೇ ನಾನು ಇಷ್ಟು ಹಟ ಮಾಡುವುದು. ಪ್ರೋಗ್ರಾಂ ಎಳೆದ ಗೆರೆಯನ್ನು ಪ್ರತಿ ಸಲವೂ ಕಣ್ಣಿಂದ ನೋಡಿ. ಚುಕ್ಕೆಯ ತೀರ್ಮಾನ ವೈದ್ಯರಿಗೇ ಬಿಡಿ.

ಕೆಲವು ಸ್ಕ್ಯಾನಿನಲ್ಲಿ ಯಾವ ಮಿತಿ ಇಟ್ಟರೂ ಅಂಚು ಸಿಗುವುದಿಲ್ಲ. ಸ್ತನ ಕ್ಯಾನ್ಸರ್‌ನಲ್ಲಿ ಕಂಕುಳಿನ ಮೊದಲ ದುಗ್ಧ ಗ್ರಂಥಿ (ಕ್ಯಾನ್ಸರ್ ಹರಡಿದರೆ ಮೊದಲು ತಲುಪುವ ಗ್ರಂಥಿ) ಹುಡುಕುವಾಗ ಔಷಧಿ ಚುಚ್ಚಿದಲ್ಲೇ ಉಳಿದಿರುತ್ತದೆ, ಮೈಯ ಉಳಿದ ಭಾಗದಲ್ಲಿ ಏನೂ ಇರುವುದಿಲ್ಲವೆಂದೇ ಹೇಳಬಹುದು. ಅಲ್ಲಿ ಕೋಡ್ ತಿದ್ದುತ್ತಾ ಕೂರಬೇಡಿ. ವಿಕಿರಣ ಸೂಸುವ ಕೋಬಾಲ್ಟ್-57 ಹಾಳೆಯನ್ನು ರೋಗಿಯ ಆಚೆ ಬದಿಗೆ, ಕ್ಯಾಮೆರಾಗೆ ಎದುರಾಗಿ ಇಟ್ಟು ಸ್ವಲ್ಪ ಹೊತ್ತು ಚಿತ್ರ ತೆಗೆದರೆ ಮೈಯ ಆಕಾರ ನೆರಳಾಗಿ ಮೂಡುತ್ತದೆ. ಅದರಿಂದಲೂ ರೋಗಿಗೆ ತುಸು ವಿಕಿರಣ ತಾಗುತ್ತದೆ, ಆದ್ದರಿಂದ ವಿಭಾಗದ ವೈದ್ಯರನ್ನು ಕೇಳಿಯೇ ಇಡಿಸಿ.