ಬಿಸಿಲಿನ ಅಳತೆ, ಕೂಲಿಯ ಅಳತೆ

ಬಿಸಿಲಲ್ಲಿ ದುಡಿಯುವವರು ಯಾಕೆ ಕುಸಿದು ಬೀಳುತ್ತಾರೆ, ಅದನ್ನು ತಡೆಯುವುದು ಹೇಗೆ ಅನ್ನುವುದು ಎಪ್ಪತ್ತು ವರ್ಷದ ಹಿಂದೆಯೇ ಗೊತ್ತಾಗಿತ್ತು.

1950ರ ದಶಕದಲ್ಲಿ ಅಮೆರಿಕದ ಪ್ಯಾರಿಸ್ ಐಲ್ಯಾಂಡ್ ಶಿಬಿರದಲ್ಲಿ ಮರೀನ್ ಸೈನಿಕರು ತರಬೇತಿಯ ನಡುವೆಯೇ ಕುಸಿಯುತ್ತಿದ್ದರು. ಅಲ್ಲಿ ಸೆಕೆ ಅಳೆಯಲು ಮೂರು ಥರ್ಮಾಮೀಟರ್ ಬಳಸಿದರು. ಒಂದು ಮಾಮೂಲಿಯದು. ಇನ್ನೊಂದರ ಬುಡಕ್ಕೆ ಒದ್ದೆ ಬತ್ತಿ. ಮೂರನೆಯದು ಕಪ್ಪು ಬಳಿದ ಲೋಹದ ಗುಂಡಿನೊಳಗೆ. ಮೂರನ್ನೂ ಸೇರಿಸಿ ಒಂದೇ ಅಳತೆ ಮಾಡುವ ಲೆಕ್ಕದಲ್ಲಿ ಒದ್ದೆ ಬತ್ತಿಯದೇ ಶೇ 70ರಷ್ಟು ಪಾಲು. ಯಾಕೆಂದರೆ ಬೆವರು ಆರಿದರೆ ಮಾತ್ರ ಮೈ ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವ ಜಾಸ್ತಿಯಾದರೆ ಬೆವರು ಸುಮ್ನೆ ಇಳಿದುಹೋಗುತ್ತದೆ, ಒಳಗಿನ ಬಿಸಿ ಒಳಗೇ ಉಳಿಯುತ್ತದೆ. ಹಾಗಾಗಿ ರಾಯಚೂರಿನ 42 ಡಿಗ್ರಿಗಿಂತ ಮಂಗಳೂರಿನ 35 ಡಿಗ್ರಿಯೇ ಕೆಲವೊಮ್ಮೆ ಹೆಚ್ಚು ಅಪಾಯ. ಶಿಬಿರದಲ್ಲಿ ಈ ಅಳತೆ ಮಿತಿ ದಾಟಿದಾಗ ಕವಾಯತು ಕಡಿಮೆ ಮಾಡಿದರು. ಕುಸಿಯುವವರೂ ಕಡಿಮೆಯಾದರು.

ಕೂಲಿಯವರಿಗೆ ಈ ರಕ್ಷಣೆ ಸಿಗಲು ದಶಕಗಳೇ ಹಿಡಿದವು. ಹೊಲಗಳಲ್ಲಿ ಸಾವುಗಳಾದ ಮೇಲೆ ಕ್ಯಾಲಿಫೋರ್ನಿಯಾ 2005ರಲ್ಲಿ ನೀರು, ನೆರಳು, ವಿರಾಮ ಕಡ್ಡಾಯ ಮಾಡಿತು. ನಮ್ಮ ಕರಾವಳಿಯವರೂ ದುಡಿಯುವ ಕತಾರ್, ಮೂರು ಥರ್ಮಾಮೀಟರ್‌ನ ಇದೇ ಅಳತೆ 32.1 ಡಿಗ್ರಿ ದಾಟಿದರೆ ಹೊರಗಿನ ಕೆಲಸ ನಿಲ್ಲಿಸಬೇಕೆಂದು 2021ರಲ್ಲಿ ನಿಯಮ ತಂದಿತು.

ನಮ್ಮಲ್ಲಿ ಕಣ್ಣು ತೆರೆಸಿದ್ದು ಅಹಮದಾಬಾದ್. 2010ರ ಮೇನಲ್ಲಿ ಅಲ್ಲಿ 46.8 ಡಿಗ್ರಿ ಮುಟ್ಟಿತು. ಆ ಒಂದೇ ತಿಂಗಳಲ್ಲಿ ವಾಡಿಕೆಗಿಂತ 1,300ಕ್ಕೂ ಹೆಚ್ಚು ಜನ ಸತ್ತರು. 2013ರಲ್ಲಿ ಆ ನಗರ ಬಿಸಿಗಾಳಿ ಕಾರ್ಯಯೋಜನೆ ಮಾಡಿತು, ಬೇರೆ ಊರುಗಳೂ ಅದನ್ನು ಅನುಸರಿಸಿದವು. ಆದರೆ ಇಂಥ ಯೋಜನೆ ಎಚ್ಚರಿಸುತ್ತದೆ ಅಷ್ಟೇ. ಮಧ್ಯಾಹ್ನ ಕೆಲಸ ನಿಲ್ಲಿಸು ಅಂತ ಗುತ್ತಿಗೆದಾರನನ್ನು ಕಟ್ಟಿಹಾಕುವ ಬಲ ಅದಕ್ಕಿಲ್ಲ.

ಕಲಬುರಗಿ ಭಾಗದಲ್ಲಿ ಏಪ್ರಿಲ್, ಮೇನಲ್ಲಿ ಸರ್ಕಾರಿ ಕಚೇರಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ. ಉದ್ಯೋಗ ಖಾತ್ರಿಯಲ್ಲಿ ಮಣ್ಣು ಅಗೆಯುವವರಿಗೂ ಬೇಸಿಗೆಯಲ್ಲಿ ಕೆಲಸದ ಅಳತೆ ಇಳಿಸಿ, ಪೂರ್ತಿ ಕೂಲಿ ಕೊಡುವ ರಿಯಾಯಿತಿ ಬಂತು. ನನ್ನ ಪ್ರಕಾರ ಇಡೀ ಇತಿಹಾಸದಲ್ಲಿ ಸರಿಯಾದ ಹೆಜ್ಜೆ ಇದೇ. ಯಾಕೆಂದರೆ ನೆರಳಿಗೆ ಹೋಗಲು ಯಾರಿಗೂ ಬೇಸರವಿಲ್ಲ, ಹೋದರೆ ದುಡ್ಡು ಹೋಗುತ್ತದೆ, ಅಲ್ವಾ? ಇಟ್ಟಿಗೆಯವರಿಗೆ ಸಾವಿರದ ಲೆಕ್ಕ, ಕಬ್ಬು ಕಡಿಯುವವರಿಗೆ ಟನ್ ಲೆಕ್ಕ. ಅವರಿಗೆ ಈ ರಿಯಾಯಿತಿ ಇಲ್ಲ.

ವಿರಾಮವಿಲ್ಲದೆ ಬಿಸಿಲಲ್ಲಿ ದುಡಿದರೆ ತೆರುವ ಬೆಲೆ ಎಷ್ಟು ಅನ್ನುವುದಕ್ಕೆ ಮಧ್ಯ ಅಮೆರಿಕ ನೋಡಬೇಕು. ಎಲ್ ಸಾಲ್ವಡಾರ್, ನಿಕರಾಗುವಾಗಳಲ್ಲಿ ಸಕ್ಕರೆ ಕಾಯಿಲೆ, ಬಿಪಿ ಏನೂ ಇಲ್ಲದ ಎಳೆ ವಯಸ್ಸಿನ ಕಬ್ಬು ಕಡಿಯುವವರ ಕಿಡ್ನಿ ಹಾಳಾದವು. ಬಿಸಿಲಿನ ದುಡಿಮೆ, ನೀರಿನ ಕೊರತೆಯೇ ಮುಖ್ಯ ಕಾರಣ ಎಂಬುದು ಹಲವು ತಜ್ಞರ ಅಭಿಪ್ರಾಯ. ಎಲ್ ಸಾಲ್ವಡಾರ್‌ನ ಒಂದು ಗುಂಪಿಗೆ ನೀರು, ಟೆಂಟಿನ ನೆರಳು, ಆಗಾಗ ವಿರಾಮ ಕೊಟ್ಟು ನೋಡಿದರು. ದಿನಕ್ಕೆ ಕಡಿದ ಕಬ್ಬು ಕಡಿಮೆಯಾಗಲಿಲ್ಲ, ಜಾಸ್ತಿಯೇ ಆಯಿತು.